ಬಿಡು ಅನ್ನುವ ತನಕ

ನನ್ನ ಎದುರು ಯಾರೂ "ಬಿಡು" ಅನ್ನಬಾರದು. ಅಂದರೆ ಕೈಯಲ್ಲಿ ಏನಿದೆಯೋ ಅದು ನೆಲಕ್ಕೆ ಬೀಳುತ್ತದೆ. ತುಂಬಿದ ಕೊಡ ಬಿದ್ದಿದೆ, ಅನ್ನದ ಪಾತ್ರೆ ಬಿದ್ದಿದೆ. ಒಂದು ಸಲ ಪಕ್ಕದ ಮನೆಯ ಕೂಸೇ ಬೀಳುವುದರಲ್ಲಿತ್ತು, ಅದರ ಆಯಸ್ಸು ಗಟ್ಟಿ. ಹೇಳಿಬಿಡು, ತಂದುಬಿಡು, ಮಲಗಿಬಿಡು ಅಂದರೆ ಏನೂ ಆಗುವುದಿಲ್ಲ. ಅಲ್ಲಿ ಅದು ಮಾತಿನ ಬಾಲ. ಒಂಟಿಯಾಗಿ ತಲೆಯೆತ್ತಿಕೊಂಡು ಬರುವ "ಬಿಡು" ಇದೆಯಲ್ಲ, ಅದು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತದೆ. ನಡುವೆ ತಲೆಗೆ ಹೋಗಿ ಒಂದು ಮಾತು ಕೇಳಿಕೊಂಡು ಬರುವಷ್ಟು ಪುರುಸೊತ್ತು ಅದಕ್ಕಿಲ್ಲ.

ಇದು ರೋಗ ಅಲ್ಲ. ಕೆಲಸದಲ್ಲಿ ಕಲಿತ ವಿದ್ಯೆ.

ನಾವು ಕೆಲಸ ಮಾಡುವುದು ದೊಡ್ಡ ಲಾಂಡ್ರಿಯಲ್ಲಿ. ಊರಿನ ಹೋಟೆಲುಗಳ, ಆಸ್ಪತ್ರೆಗಳ ಚಾದರಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಒಗೆದ ಚಾದರವನ್ನು ಬಿಸಿ ರೋಲರಿಗೆ ಕೊಡಬೇಕು. ರೋಲರ್ ಅಂದರೆ ಆಳುದ್ದದ ಎರಡು ಕಬ್ಬಿಣದ ಉರುಳೆಗಳು, ಒಂದರ ಮೇಲೊಂದು, ಒಳಗೆ ಹಬೆ. ಚಾದರದ ಒಂದು ಮೂಲೆ ನನ್ನ ಕೈಯಲ್ಲಿ, ಇನ್ನೊಂದು ಮೂಲೆ ನನ್ನ ಜೋಡಿಯ ಕೈಯಲ್ಲಿ. ಸುಕ್ಕಿಲ್ಲದ ಹಾಗೆ ಬಿಗಿ ಹಿಡಿದು ಉರುಳೆಯ ಬಾಯಿಯವರೆಗೆ ಒಯ್ಯಬೇಕು. ಅದು ಕಚ್ಚಿಕೊಂಡ ಕೂಡಲೇ ಇಬ್ಬರೂ ಒಟ್ಟಿಗೆ ಬಿಡಬೇಕು. ಒಬ್ಬಳು ಮೊದಲೇ ಬಿಟ್ಟರೆ ಚಾದರ ಸೊಟ್ಟ. ಒಬ್ಬಳು ತಡ ಮಾಡಿದರೆ ಬೆರಳು. ಅದಕ್ಕೇ ಜೋಡಿಯಲ್ಲಿ ಒಬ್ಬಳು "ಬಿಡು" ಎಂದು ಕೂಗುತ್ತಾಳೆ. ಯಂತ್ರಗಳ ಗದ್ದಲದಲ್ಲಿ ಬೇರೆ ಮಾತು ಕೇಳುವುದಿಲ್ಲ, ಅದೊಂದು ಕೇಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ನಡುವಿನ ಮಾತುಕತೆ ಅಷ್ಟೇ.

ನನ್ನ ಜೋಡಿ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಕೂಗುವವಳು ಅವಳು. ವಯಸ್ಸಿನಲ್ಲೂ ದೊಡ್ಡವಳು, ಗಂಟಲೂ ದೊಡ್ಡದು. ಓರಗಿತ್ತಿಯರು ಒಂದೇ ಮನೆಯಲ್ಲಿ ಬಾಳುವುದು ಕಷ್ಟ ಅನ್ನುತ್ತಾರೆ. ನಮ್ಮದು ಮನೆಯೂ ಅಲ್ಲ, ಒಂದು ಕೋಣೆ, ನಡುವೆ ಒಂದು ಪರದೆ. ಜಗಳ ಆಡುವುದಕ್ಕೂ ಇಬ್ಬರೂ ಎಚ್ಚರವಾಗಿರಬೇಕಲ್ಲ, ಹಾಗಾಗಿ ಚೆನ್ನಾಗಿಯೇ ಇದ್ದೆವು.

ಲಾಂಡ್ರಿ ಮುಗಿದ ಮೇಲೆ ನಾವಿಬ್ಬರೂ ಹಲ್ಲಿನ ಡಾಕ್ಟರ ಕ್ಲಿನಿಕ್ ಒರೆಸುತ್ತಿದ್ದೆವು. ಅದು ಮುಗಿಸಿ ಮನೆಗೆ ಬಂದು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆವು. ಗಂಡಂದಿರಲ್ಲಿ ಅಣ್ಣ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ತಮ್ಮ ಗೋಡೆಗಳಿಗೆ ಬಣ್ಣ ಬಳಿಯುತ್ತಾನೆ. ಕತ್ತಲಾದ ಮೇಲೆ ಇಬ್ಬರೂ ಸೇರಿ ಒಂದೇ ವಾಚ್‌ಮನ್ ಕೆಲಸ ಮಾಡುತ್ತಾರೆ, ಒಂದು ದಿನ ಇವನು, ಒಂದು ದಿನ ಅವನು. ಯೂನಿಫಾರಂ ಒಂದೇ. ಅಂಗಡಿಯವರು ಅಂಗಿ ನೋಡುತ್ತಾರೆ, ಅದರ ಮೇಲಿರುವ ಮುಖ ಯಾರದು ಎಂದು ನೋಡುವುದಿಲ್ಲ. ಅವರು ಕಾಯುವುದು ಮಂಚ, ಹಾಸಿಗೆ ಮಾರುವ ಅಂಗಡಿಯನ್ನು. ಒಳಗೆ ಸಾಲು ಸಾಲು ಮೆತ್ತನೆಯ ಹಾಸಿಗೆಗಳು, ಹೊರಗೆ ಇವನು ನಿಂತಿರಬೇಕು, ಕೂತರೆ ಕೆಲಸ ಹೋಯಿತು. ಹೆಂಡತಿಯರು ಊರಿನ ಚಾದರ ಇಸ್ತ್ರಿ ಮಾಡುವವರು, ಗಂಡಂದಿರು ಹಾಸಿಗೆ ಕಾಯುವವರು. ನಿದ್ದೆಯ ವ್ಯಾಪಾರದಲ್ಲಿ ನಮ್ಮಷ್ಟು ನುರಿತ ಕುಟುಂಬ ಇನ್ನೊಂದು ಸಿಗಲಿಕ್ಕಿಲ್ಲ. ಇಷ್ಟೆಲ್ಲ ದುಡಿದು ಏನು ಮಾಡಿದಿರಿ ಎಂದು ಕೇಳಿದರೆ, ಬಾಡಿಗೆ ಕಟ್ಟಿದೆವು.

ರೋಲರಿನ ಎದುರು ಗೋಡೆಯ ಮೇಲೆ ಒಂದು ಫಲಕ ಇದೆ. "ನಮ್ಮ ನೌಕರರು ಬೇರೆಲ್ಲೂ ದುಡಿಯುವಂತಿಲ್ಲ. ದಣಿದ ಕೈ ಅಪಾಯಕಾರಿ." ಕೆಂಪು ಅಕ್ಷರ. ನಮ್ಮ ಸೂಪರ್‌ವೈಸರ್ ಅದರ ಕೆಳಗೇ ನಿಂತು ಕೇಳುತ್ತಿದ್ದ.

"ಭಾನುವಾರ ಸಾಹೇಬ್ರ ಮನೇಲಿ ಪಾರ್ಟಿ. ಗ್ಲಾಸ್ ಹಿಡಿಯೋಕೆ ಜನ ಬೇಕು. ಬರ್ದೇ ಇರೋರು ಯಾರು ಅಂತ ನಾನು ನೆನಪಿಟ್ಕೋತೀನಿ, ಆಯ್ತಾ?"

ಮಾತು ಮುಗಿಯುವುದೇ ಆಯ್ತಾ ಎಂದು. ಹಾಗಾಗಿ ಅವನಿಗೆ ನಾವಿಟ್ಟ ಹೆಸರೂ ಆಯ್ತಾ.

ಇನ್ನೊಂದು ವಿಷಯ ಹೇಳಬೇಕು. ಉರುಳೆಯ ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಬೆರಳು ಅದಕ್ಕೆ ತಾಗಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಯಂತ್ರ ಮಾಡಿದವನಿಗೆ ನಮ್ಮ ಮೇಲೆ ಕರುಣೆ ಇತ್ತು. ಆಯ್ತಾನಿಗೆ ಚಾದರಗಳ ಮೇಲೆ ಕರುಣೆ. ದಪ್ಪ ಚಾದರ ತಾಗಿದರೂ ಯಂತ್ರ ನಿಲ್ಲುತ್ತದೆ, ಹೊತ್ತು ಹಾಳು ಎಂದು ಅವನು ಆ ಪಟ್ಟಿಯನ್ನು ಮೇಲೆತ್ತಿ ಹರಿದ ದಿಂಬಿನ ಚೀಲದ ಚೂರಿನಿಂದ ಕಟ್ಟಿಟ್ಟಿದ್ದ. ಅಕ್ಕ ಒಂದು ದಿನ ಕೇಳಿದಳು. "ಮೈಮೇಲೆ ಎಚ್ಚರ ಇದ್ರೆ ಪಟ್ಟಿ ಯಾಕೆ?" ಅಂದ. ಎಚ್ಚರವನ್ನು ಎಲ್ಲಿಂದ ತರಬೇಕು ಎಂದು ಅವಳು ಕೇಳಲಿಲ್ಲ.

ಆ ಭಾನುವಾರದ ಪಾರ್ಟಿ ಯಾಕೆ ಎಂದರೆ ಮಾಲೀಕರಿಗೆ ಪ್ರಶಸ್ತಿ ಬಂದಿತ್ತು. ಕೆಲಸಗಾರರನ್ನು ಚೆನ್ನಾಗಿ ನೋಡಿಕೊಳ್ಳುವ ಮಾಲೀಕರಿಗೆ ಕೊಡುವ ಪ್ರಶಸ್ತಿ. ಯಾರನ್ನು ಕೇಳಿ ಕೊಟ್ಟರೋ ತಿಳಿಯದು, ನಮ್ಮನ್ನಂತೂ ಕೇಳಲಿಲ್ಲ. ನಮಗೆಲ್ಲ ಬಿಳಿ ಅಂಗಿ ತೊಡಿಸಿ, ಕೈಗೆ ಗಾಜಿನ ಲೋಟಗಳ ಟ್ರೇ ಕೊಟ್ಟರು. ನಗುತ್ತಾ ಇರಬೇಕು ಎಂದು ಹೇಳಿಕೊಟ್ಟರು. ಅಕ್ಕನಿಗೆ ನಗು ಚೆನ್ನಾಗಿ ಬರುತ್ತಿತ್ತು. ನಾನು ನಕ್ಕರೆ ಹಲ್ಲುನೋವು ಬಂದವಳ ಹಾಗೆ ಕಾಣುತ್ತಿದ್ದೆನಂತೆ, ಅವಳೇ ಹೇಳಿ ನಗಿಸಿದಳು.

ಮಾಲೀಕರ ಎದುರು ದಪ್ಪ ಮೀಸೆಯ ಅತಿಥಿಯೊಬ್ಬರು ನಿಂತಿದ್ದರು. ನಾವಿಬ್ಬರೂ ಆಚೆ ಒಬ್ಬಳು, ಈಚೆ ಒಬ್ಬಳು ಟ್ರೇ ಹಿಡಿದು ನಿಂತಿದ್ದೆವು.

"ನಿಮ್ಮಂಥವ್ರು ಎಲ್ಲಿ ಸಿಗ್ತಾರೆ ಹೇಳಿ," ಎಂದರು ಅತಿಥಿ. "ಕೆಲಸದವ್ರನ್ನ ಮನೆಯವ್ರ ಥರ ನೋಡ್ಕೋತೀರ."

ಮಾಲೀಕರು ನಾಚಿಕೊಂಡರು. "ಅಯ್ಯೋ, ಬಿಡಿ ಸಾರ್, ಬಿಡಿ!"

ಬಿಟ್ಟೆವು.

ಬಿಡು ಅನ್ನಲಿಲ್ಲ, ಬಿಡಿ ಅಂದರು, ನಿಜ. ಬೆರಳುಗಳಿಗೆ ಅಷ್ಟು ವ್ಯಾಕರಣ ತಿಳಿಯದು. ಅದೂ ಅಲ್ಲದೆ ನಾವು ಇಬ್ಬರಿದ್ದೆವು, ಬಹುವಚನ ಸರಿಯಾಗಿಯೇ ಇತ್ತು. ಎರಡು ಟ್ರೇಗಳೂ ಒಂದೇ ಕ್ಷಣಕ್ಕೆ ಬಿದ್ದವು. ಲಾಂಡ್ರಿಯಲ್ಲಿ ನಾವು ಅಷ್ಟು ಅಚ್ಚುಕಟ್ಟಾಗಿ ಎಂದೂ ಬಿಟ್ಟಿರಲಿಲ್ಲ. ಮೀಸೆಯ ಅತಿಥಿ ಹಾರಿ ಕುರ್ಚಿ ಹತ್ತಿದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೆದರಿಕೆಯಲ್ಲೂ ಇಬ್ಬರಿಗೂ ನಗು ಉಕ್ಕಿ ಬಂತು. ಅದೇ ತಪ್ಪಾಯಿತು.

ಮಾಲೀಕರ ಹೆಂಡತಿ ಒಂದೂ ಕೆಟ್ಟ ಮಾತು ಆಡಲಿಲ್ಲ. ತುಂಬ ಮೆಲ್ಲಗೆ ಹೇಳಿದರು. "ಒಡೆದವ್ರು ನೀವು. ಎಲ್ಲಾ ತೊಳೆದು, ಒರೆಸಿ, ಆಮೇಲೆ ಹೋಗಿ." ಬೇರೆಯವರೆಲ್ಲ ಹೋದರು. ನಾವು ಗಾಜು ಆಯ್ದೆವು, ನೆಲ ಒರೆಸಿದೆವು, ಪಾತ್ರೆ ತೊಳೆದೆವು, ಅವರು ನಡೆದಾಡಿದ ಮೆಟ್ಟಿಲುಗಳನ್ನೆಲ್ಲ ಉಜ್ಜಿದೆವು. ಬೆಳಕು ಹರಿಯುವ ಹೊತ್ತಿಗೆ ಆಯ್ತಾ ವ್ಯಾನ್ ತಂದ. ಮನೆಯ ಹತ್ತಿರ ಬಿಟ್ಟು ಹೋಗು, ಮುಖ ತೊಳೆದು ಬರುತ್ತೇವೆ ಎಂದು ಅಕ್ಕ ಕೇಳಿಕೊಂಡಳು.

"ಮನೆಗೆ ಹೋದ್ರೆ ಮಲಗಿಬಿಡ್ತೀರ. ನೇರ ಕೆಲಸಕ್ಕೆ ನಡೀರಿ, ಆಯ್ತಾ?"

ಸೋಮವಾರ ಚಾದರಗಳು ಹೆಚ್ಚು. ಊರಿನ ಜನ ಶನಿವಾರ, ಭಾನುವಾರ ಚೆನ್ನಾಗಿ ಮಲಗಿರುತ್ತಾರೆ. ನಾವು ಹಿಡಿದೆವು, ಒಯ್ದೆವು, ಬಿಟ್ಟೆವು. ಮಧ್ಯಾಹ್ನದವರೆಗೆ ಅಕ್ಕನ ಗಂಟಲು ಗಟ್ಟಿಯಾಗಿಯೇ ಇತ್ತು. ಆಮೇಲೆ ಕೂಗು ಸಣ್ಣದಾಯಿತು. ಕಣ್ಣು ತೆರೆದೇ ಇದ್ದವು, ಒಳಗೆ ಯಾರೂ ಇದ್ದ ಹಾಗೆ ಕಾಣಲಿಲ್ಲ. ಅಕ್ಕಾ ಎಂದು ಕರೆದೆ. ಕೇಳಿಸಲಿಲ್ಲ. ಚಾದರ ಉರುಳೆಯ ಬಾಯಿಗೆ ತಲುಪಿತು.

"ಬಿ" ಅಂದಳು.

"ಡು" ಬರಲಿಲ್ಲ.

ನಾನು ಕಾಯುತ್ತಿದ್ದೆ. ಬಿಸಿ ತಾಗಿ ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ಅಕ್ಕ ನಿಂತಲ್ಲೇ ನಿದ್ದೆ ಹೋಗಿದ್ದಳು. ಚಾದರದ ಜೊತೆ ಅವಳ ಬಲಗೈ ಒಳಗೆ ಹೋಯಿತು. ಅವಳು ಕೂಗಿದ್ದು ಎಲ್ಲ ಯಂತ್ರಗಳ ಗದ್ದಲದ ಮೇಲೆ ಕೇಳಿಸಿತು. ಆಯ್ತಾ ಓಡಿ ಬಂದ. ಮೊದಲು ಯಂತ್ರ ನಿಲ್ಲಿಸಿದ. ಆಮೇಲೆ ಅಡ್ಡಪಟ್ಟಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಜೇಬಿಗೆ ತುರುಕಿಕೊಂಡ. ಅದಾದ ಮೇಲೆ ಅಕ್ಕನ ಕಡೆ ತಿರುಗಿದ.

ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ಅಕ್ಕನಿಗೆ ಓದು ಬರಹ ಬರುತ್ತದೆ, ಸಹಿ ದುಂಡಗೆ ಮಾಡುತ್ತಿದ್ದಳು. ಇನ್ನು ಮೇಲೆ ಹೆಬ್ಬೆಟ್ಟು.

ಆಸ್ಪತ್ರೆಯಲ್ಲಿ ಅವಳು ಒಂದು ಹಗಲು, ಒಂದು ರಾತ್ರಿ ಮಲಗಿಯೇ ಇದ್ದಳು. ಅಷ್ಟು ಉದ್ದದ ನಿದ್ದೆ ಅವಳು ಮದುವೆಯಾದ ಮೇಲೆ ಮಾಡಿರಲಿಲ್ಲ. ಎಚ್ಚರವಾದ ಕೂಡಲೇ ಎಡಗೈಯಿಂದ ಹಾಸಿಗೆಯ ಚಾದರ ತಡವಿದಳು.

"ಇದು ನಮ್ಮಲ್ಲಿಂದ ಬಂದಿದ್ದಲ್ವೇನೇ?"

"ಹೌದಕ್ಕ."

"ಸೊಟ್ಟ ಇದೆ. ಯಾರೋ ಮೊದ್ಲೇ ಬಿಟ್ಟಿದಾರೆ."

ನಾನು ಹೊರಗೆ ಹೋಗಿ ಗೋಡೆಗೆ ಮುಖ ಹಾಕಿ ಅತ್ತೆ. ಸಿಟ್ಟು ಬಂದಿದ್ದು ಆಮೇಲೆ. ಬಂದಿದ್ದು ಇನ್ನೂ ಹೋಗಿಲ್ಲ.

ಕಂಪನಿಯವರ ತೀರ್ಮಾನ ಬೇಗ ಬಂತು. ನೌಕರಳು ನಿಯಮ ಮೀರಿ ಹೊರಗಿನ ಕೆಲಸಕ್ಕೆ ಹೋಗಿ, ನಿದ್ದೆಗೆಟ್ಟು ಬಂದು, ತನ್ನ ಕೈಗೆ ತಾನೇ ಅಪಾಯ ಮಾಡಿಕೊಂಡಿದ್ದಾಳೆ. ಆದ್ದರಿಂದ ಪರಿಹಾರ ಇಲ್ಲ. ಕೆಲಸವೂ ಇಲ್ಲ. ಚಾದರ ಒಂದು ಹಾಳಾಗಿದೆ, ಅದನ್ನು ಮಾನವೀಯತೆಯಿಂದ ಮನ್ನಾ ಮಾಡಲಾಗಿದೆ. ಆದರೆ ಆಸ್ಪತ್ರೆಯವರು ಇಂಥ ಗಾಯ ಬಂದರೆ ಲೇಬರ್ ಆಫೀಸಿಗೆ ತಿಳಿಸಬೇಕಂತೆ, ತಿಳಿಸಿದ್ದರು. ವಿಚಾರಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದಾಯಿತು. ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ನನ್ನ ಮಾತಿನ ಮೇಲೆ ಅಕ್ಕನ ಪರಿಹಾರ ನಿಂತಿತ್ತು.

ವಿಚಾರಣೆಯ ಹಿಂದಿನ ಸಂಜೆ ಆಯ್ತಾ ನಮ್ಮ ಕೋಣೆಗೆ ಬಂದು ಕೂತ. ಎಂದೂ ಬಂದವನಲ್ಲ. ಚಹಾ ಕೊಡಲು ಲೋಟ ಹಿಡಿದು ಎದುರು ನಿಂತೆ. ಅಕ್ಕ ಪರದೆಯ ಆಚೆ ಮಲಗಿದ್ದಳು.

"ನೋಡಮ್ಮ, ನೀನು ಸುಳ್ಳು ಹೇಳೋದೇ ಬೇಡ. ಹಿಂದಿನ ದಿನ ಹೊರಗಿನ ಕೆಲಸಕ್ಕೆ ಹೋಗಿದ್ಲಾ ಅಂತ ಕೇಳ್ತಾರೆ. ಹೌದು ಅನ್ನು. ಅಷ್ಟೇ. ನಿಜಾನೇ ಅಲ್ವಾ? ನಿನ್ನ ಕೆಲಸ ಉಳಿಯುತ್ತೆ. ಮನೇಲಿ ಒಬ್ಬರದಾದ್ರೂ ಉಳೀಲಿ, ಆಯ್ತಾ?"

"ಎಲ್ಲಿಗೆ ಹೋಗಿದ್ಲು ಅಂತ ಕೇಳಿದ್ರೆ?"

"ಎಲ್ಲೋ ಹೊರಗೆ ಅನ್ನು. ಅದನ್ನೆಲ್ಲಾ ಯಾಕೆ ಕೆದಕ್ತೀಯ. ಬಿಡು."

ಕುದಿಯುವ ಚಹಾ ಅವನ ತೊಡೆಯ ಮೇಲೆ ಬಿತ್ತು. ನಾನು ಬೇಕೆಂದು ಮಾಡಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಆಮೇಲೆ ಬೇಜಾರೂ ಆಗಲಿಲ್ಲ. ಅವನು ಕುಣಿದುಕೊಂಡು ಹೊರಗೆ ಹೋದ ಮೇಲೆ ಪರದೆಯ ಆಚೆಯಿಂದ ಸಣ್ಣಗೆ ನಗು ಕೇಳಿಸಿತು. ಆಮೇಲೆ ಅಕ್ಕ ಮಾತಾಡಿದಳು.

"ಅವನು ಹೇಳಿದ ಹಾಗೇ ಹೇಳು. ಹೋಗಿರೋ ಬೆರಳು ಚಿಗುರಲ್ಲ. ಇಬ್ಬರ ಸಂಬಳಾನೂ ಹೋದ್ರೆ ಎಲ್ಲಿಗೆ ಹೋಗೋದು? ನಂಗೇನೂ ಬೇಜಾರಿಲ್ಲ."

ನಾನು ಅಂಗಿ ತೆಗೆದುಕೊಂಡು ಗುಂಡಿ ಹಾಕುತ್ತಾ ಕೂತೆ. ಗಂಡ ಯೂನಿಫಾರಂ ತೊಟ್ಟು ಹೊರಡುತ್ತಿದ್ದ. ಏನು ಹೇಳಲಿ ಎಂದು ಅವನನ್ನೂ ಕೇಳಿದೆ. "ನಾನು ಹೇಳಿದ್ರೆ ಹೆದರಿಕೊಂಡೇ ಹೇಳ್ತೀನಿ ಕಣೇ," ಅಂದ. "ನೀನೇ ನೋಡ್ಕೊ." ಪುಣ್ಯಾತ್ಮ, ನಿಜವನ್ನಾದರೂ ಹೇಳಿದ.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದರು. ಭುಜಕ್ಕೆ ಚೀಲ ಹಾಕಿಕೊಂಡ ಸಣಕಲು ಮನುಷ್ಯ. ಜೊತೆಗೆ ಮಾಲೀಕರು, ಹಿಂದೆ ಕುಂಟುತ್ತಾ ಆಯ್ತಾ. ಅಕ್ಕನಿಗೂ ಬರಹೇಳಿದ್ದರು. ಅವಳು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಳು. ನಮ್ಮ ರೋಲರನ್ನು ನಿಲ್ಲಿಸಿದ್ದರು, ಒಳಗಿನ ಹಬೆ ಮಾತ್ರ ಆರಿರಲಿಲ್ಲ. ಅಡ್ಡಪಟ್ಟಿ ತನ್ನ ಜಾಗದಲ್ಲಿ ಇತ್ತು. ಹಳದಿ ಬಣ್ಣ ಬೇರೆ ಹೊಡೆದಿದ್ದರು. ಬಣ್ಣ ಬಳಿಯುವವನ ಹೆಂಡತಿ ನಾನು, ಹಸಿ ಬಣ್ಣದ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು.

ಇನ್‌ಸ್ಪೆಕ್ಟರ್ ನನ್ನನ್ನು ಕರೆದರು.

"ಹಿಂದಿನ ದಿನ ಆಕೆ ಹೊರಗಿನ ಕೆಲಸಕ್ಕೆ ಹೋಗಿದ್ರಾ?"

"ಹೋಗಿದ್ಲು ಸಾರ್. ನಾನೂ ಹೋಗಿದ್ದೆ."

ಆಯ್ತಾನ ಮುಖ ಅರಳಿತು. ಮಾಲೀಕರು ತುಂಬ ದುಃಖದಿಂದ ತಲೆಯಾಡಿಸಿದರು. "ನೋಡಿ ಸಾರ್. ಎಷ್ಟು ಹೇಳಿದ್ರೂ ಕೇಳಲ್ಲ. ಎರಡೆರಡು ಕೆಲಸ. ದುರಾಸೆ."

"ನಿದ್ದೆ ಸಾಲ್ದೆ ಇದ್ರೆ ಹೀಗೇ ಆಗೋದು," ಎಂದರು ಇನ್‌ಸ್ಪೆಕ್ಟರ್. "ನಾನೂ ಬೆಳಿಗ್ಗೆ ಟ್ಯೂಷನ್..." ಎಂದವರು ಅರ್ಧಕ್ಕೆ ನುಂಗಿಕೊಂಡರು. ಆಕಳಿಕೆ ಮಾತ್ರ ನುಂಗಲಾಗಲಿಲ್ಲ. ಬಾಯಿ ತೆರೆದುಕೊಂಡೇ ಕೇಳಿದರು. "ಎಲ್ಲಿಗೆ ಹೋಗಿದ್ರಿ?"

ಅಕ್ಕ ನೆಲ ನೋಡುತ್ತಿದ್ದಳು. ಆಯ್ತಾ ನನಗೆ ಮಾತ್ರ ಕಾಣುವ ಹಾಗೆ ಕಣ್ಣು ಬಿಟ್ಟ. ನನ್ನ ಸಂಬಳ, ಕೋಣೆಯ ಬಾಡಿಗೆ, ಎಲ್ಲ ಕಣ್ಣೆದುರು ಬಂತು. ಅವುಗಳ ಜೊತೆಗೇ ಆ ಜೇಬಿಗೆ ತುರುಕಿದ ಬಟ್ಟೆಯೂ ಬಂತು.

"ಇವ್ರ ಮನೆಗೆ ಸಾರ್."

ಆಕಳಿಕೆ ಅರ್ಧದಲ್ಲಿ ನಿಂತಿತು.

"ಅದು ಕೆಲಸ ಅಲ್ಲ ಸಾರ್!" ಎಂದರು ಮಾಲೀಕರು. "ಸಂತೋಷದ ಸಮಾರಂಭ. ಇವ್ರೆಲ್ಲಾ ಮನೆಯವ್ರ ಥರ ಬಂದಿದ್ರು."

"ಹೌದು ಸಾರ್. ಬೇರೆ ಮನೆಯವ್ರು ಮಲಗಿದ್ಮೇಲೆ ಈ ಮನೆಯವ್ರು ಬೆಳಗಾಗೋ ತನಕ ಮೆಟ್ಲು ಉಜ್ಜಿದ್ವಿ. ಕರ್ಕೊಂಡು ಹೋದವ್ರೂ ಇವ್ರೇ," ಎಂದು ಆಯ್ತಾನನ್ನು ತೋರಿಸಿದೆ, "ಅಲ್ಲಿಂದ ನೇರ ಇಲ್ಲಿಗೆ ತಂದವ್ರೂ ಇವ್ರೇ. ಮುಖ ತೊಳೆಯೋಕೂ ಬಿಡ್ಲಿಲ್ಲ."

ಇನ್‌ಸ್ಪೆಕ್ಟರ್ ಒಮ್ಮೆ ಗೋಡೆಯ ಫಲಕ ನೋಡಿದರು. ಒಮ್ಮೆ ಯಂತ್ರ ನೋಡಿದರು. "ಇರ್ಲಿ. ಆದ್ರೆ ಈ ಪಟ್ಟಿ ಇದ್ದೂ ಕೈ ಒಳಗೆ ಹೋಗಿದ್ದು ಹೇಗೆ?"

"ಅದೇ ಸಾರ್, ನಿದ್ದೆ," ಎಂದ ಆಯ್ತಾ.

ನಾನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಹಳದಿ ಪಟ್ಟಿಯನ್ನು ಮೇಲೆತ್ತಿ, ಅವನು ಕಟ್ಟುತ್ತಿದ್ದ ಜಾಗದಲ್ಲೇ ಕಟ್ಟಿದೆ. ಕೈಗೆಲ್ಲ ಬಣ್ಣ ಮೆತ್ತಿಕೊಂಡಿತು. "ಅವತ್ತು ಹೀಗಿತ್ತು ಸಾರ್. ದಿನಾ ಹೀಗೇ ಇರ್ತಿತ್ತು."

"ಏಯ್, ಸುಮ್ನೆ ಏನೇನೋ ಮಾಡ್ಬೇಡ," ಎಂದು ಆಯ್ತಾ ಹಲ್ಲು ಕಚ್ಚಿ ಹೇಳಿದ.

"ಇದ್ರಲ್ಲಿ ಅಪಾಯ ಏನೂ ಇಲ್ಲ ಸಾರ್," ಎಂದು ಮಾಲೀಕರು ಇನ್‌ಸ್ಪೆಕ್ಟರಿಗೆ ಹೇಳಿದರು. "ಎಚ್ಚರ ಇದ್ರೆ ಸಾಕು."

ನಾನು ಗಾಡಿಯಿಂದ ಒಂದು ಒದ್ದೆ ಚಾದರ ಎಳೆದೆ. ಒಂದು ಮೂಲೆ ನಾನು ಹಿಡಿದು ಇನ್ನೊಂದನ್ನು ಮಾಲೀಕರ ಕಡೆ ಚಾಚಿದೆ.

"ಅಪಾಯ ಇಲ್ಲ ಅಂದ್ರಲ್ಲ ಸಾರ್. ಈ ಮೂಲೆ ಹಿಡೀರಿ. ಒಂದೇ ಒಂದು ಚಾದರ. ನೀವು ಚೆನ್ನಾಗಿ ನಿದ್ದೆ ಮಾಡಿ ಬಂದಿದೀರ."

ಇನ್‌ಸ್ಪೆಕ್ಟರ್ ನೋಡುತ್ತಿದ್ದರು. ಮಾಲೀಕರು ನಕ್ಕು ಮೂಲೆ ಹಿಡಿದರು. ಬಟ್ಟೆಯ ತುದಿ ಹಿಡಿದು ನಗುತ್ತಾ ನಿಲ್ಲುವುದು ಅವರಿಗೆ ಉದ್ಘಾಟನೆಗಳಲ್ಲಿ ರೂಢಿ ಇತ್ತು. ಚಾದರ ಬಿಗಿಯಾಯಿತು. ಉರುಳೆಯ ಬಾಯಿಯ ಹತ್ತಿರಕ್ಕೆ ಒಯ್ದೆವು. ಇಸ್ತ್ರಿಯ ಬಿಸಿ ಅವರ ಮುಖಕ್ಕೆ ಹೊಡೆಯಿತು. ಕಬ್ಬಿಣದ ಮೇಲೆ ಕಪ್ಪಗೆ ಒಂದು ಕಲೆ ಇತ್ತು. ಎಷ್ಟು ಉಜ್ಜಿದರೂ ಹೋಗದ ಕಲೆ. ಅದು ಏನು ಎಂದು ಅವರಿಗೆ ತಿಳಿಯಿತು.

"ಮಿಷನ್ ಹಾಕಿ," ಎಂದೆ ಆಯ್ತಾನಿಗೆ.

"ಹಾಕ್ಬೇಡ!" ಎಂದರು ಮಾಲೀಕರು.

"ಆಯ್ತು," ಎಂದ ಆಯ್ತಾ. ಅವನ ಬಾಯಲ್ಲಿ ಆ ಮಾತು ಪ್ರಶ್ನೆ ಇಲ್ಲದೆ ಬಂದಿದ್ದು ಅದೇ ಮೊದಲು.

ಮಾಲೀಕರ ಬೆರಳುಗಳು ಬಟ್ಟೆಯ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದವು. ಉಂಗುರಗಳೂ ಸರಿಯುತ್ತಿದ್ದವು. ನಾನು ಚಾದರವನ್ನು ಇನ್ನಷ್ಟು ಬಿಗಿ ಮಾಡಿದೆ. ಪಕ್ಕದ ರೋಲರಿನ ಜೋಡಿ ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿತ್ತು. ಅದರಾಚೆಯ ಜೋಡಿಯೂ ಚಾದರ ಹಿಡಿದುಕೊಂಡೇ ನಿಂತಿತು. ಒಂದೊಂದಾಗಿ ಯಂತ್ರಗಳಿಗೆ ತಿನ್ನಲು ಏನೂ ಇಲ್ಲದೆ ಹೋಯಿತು.

"ಸಾಕಮ್ಮ," ಎಂದರು ಮಾಲೀಕರು. ಅವರ ಮೂಲೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. "ಎಲ್ಲಾ ಕೂತು ಮಾತಾಡೋಣ. ಈಗ ಬಿಡು."

ಒಂಟಿಯಾಗಿ, ತಲೆಯೆತ್ತಿಕೊಂಡು ಬಂತು ಅದು. ಕಿವಿಯಿಂದ ನೇರ ಬೆರಳಿಗೆ ಇಳಿಯಿತು. ಬೆರಳುಗಳು ಬಿಡಲಿಲ್ಲ. ನನಗೇ ಆಶ್ಚರ್ಯವಾಯಿತು. ಕೈಯನ್ನೇ ನೋಡುತ್ತಾ ನಿಂತೆ, ಬೇರೆ ಯಾರದೋ ಕೈ ನೋಡಿದ ಹಾಗೆ.

"ಹೇಳಿದ್ದು ಕೇಳಿಸ್ಲಿಲ್ವಾ? ಬಿಡು!"

ಬೆಂಚಿನಿಂದ ಅಕ್ಕ ಎದ್ದಳು. ನಡೆದು ಬಂದು, ಮಾಲೀಕರನ್ನು ಸ್ವಲ್ಪ ಆಚೆ ಸರಿಸಿ, ನೆಲಕ್ಕೆ ಬಿದ್ದಿದ್ದ ಮೂಲೆಯನ್ನು ಎಡಗೈಯಿಂದ ಎತ್ತಿಕೊಂಡಳು. ಕೊಡವಿ ಬಿಗಿ ಹಿಡಿದಳು. ಸುಕ್ಕು ಹೋಯಿತು.

"ಬಿಡು ಅನ್ನೋಳು ನಾನು ಸಾರ್," ಎಂದಳು. "ನಾನಿನ್ನೂ ಅಂದಿಲ್ಲ."